ಮೊತ್ತ ಏರಿತು, ಪಟ್ಟಿ ಸರಿಯಾಗಲಿ

ಮಾನ್ಯ ಸಂಪಾದಕರೇ,

ಶ್ರೀಲಂಕಾದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರಾದ ಅನುರ ಕುಮಾರ ದಿಸ್ಸನಾಯಕೆ ಅವರ ಸರ್ಕಾರ, ಬಡ ಕುಟುಂಬಗಳಿಗೆ ತಿಂಗಳು ತಿಂಗಳು ಹಣ ಕೊಡುವ 'ಅಸ್ವೆಸುಮ' ನೆರವನ್ನು 2025ರ ಜನವರಿಯಿಂದ ಹೆಚ್ಚಿಸಿತು. ಕಡುಬಡ ಕುಟುಂಬಕ್ಕೆ ತಿಂಗಳಿಗೆ 15,000 ಇದ್ದದ್ದು 17,500 ಆಯಿತು. ಬಡ ಕುಟುಂಬಕ್ಕೆ 8,500ರ ಬದಲು 10,000. (ಎಲ್ಲವೂ ಅಲ್ಲಿನ ರೂಪಾಯಿ. ನಮ್ಮ ಲೆಕ್ಕದಲ್ಲಿ ಇನ್ನೂ ಕಡಿಮೆ.)

ಸಾಲದಲ್ಲಿ ಮುಳುಗಿದ ದೇಶಕ್ಕೆ ಇದೆಲ್ಲ ಬೇಕಿತ್ತಾ ಎಂದು ಕೇಳುವವರು 2022ನ್ನು ಮರೆತಿದ್ದಾರೆ. ಆ ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲಾಗದೆ ದೇಶ ಕೈಚೆಲ್ಲಿತು. ಸೆಪ್ಟೆಂಬರ್ ಹೊತ್ತಿಗೆ ಹಣದುಬ್ಬರ ಶೇ 70ರ ಹತ್ತಿರ ಇತ್ತು. ಪೆಟ್ರೋಲಿಗೆ, ಅಡುಗೆ ಅನಿಲಕ್ಕೆ ಜನ ದಿನಗಟ್ಟಲೆ ಸಾಲಲ್ಲಿ ನಿಂತರು. ಆಮೇಲೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ನೆರವು ಬಂತು. ಅದರ ಬೆನ್ನಲ್ಲೇ ವ್ಯಾಟ್ ಕೂಡ ಏರಿ, 2024ರ ಜನವರಿಯಲ್ಲಿ ಶೇ 18 ಮುಟ್ಟಿತು. ಅಂಗಡಿಯಲ್ಲಿ ಆ ತೆರಿಗೆಯನ್ನು ಬಡವನೂ ಕಟ್ಟುತ್ತಾನೆ, ಅಲ್ವಾ? ಅದರಲ್ಲಿ ಒಂದಿಷ್ಟು ಅವನ ಮನೆಗೆ ವಾಪಸ್ ಹೋದರೆ ಬಿಟ್ಟಿ ಎನ್ನುವುದು ಯಾವ ನ್ಯಾಯ?

ನನ್ನ ತಕರಾರು ಇರುವುದು ಮೊತ್ತದ ಬಗ್ಗೆ ಅಲ್ಲ, ನೆರವು ಪಡೆಯುವವರ ಪಟ್ಟಿಯ ಬಗ್ಗೆ. ಹಿಂದಿನ 'ಸಮೃದ್ಧಿ' ಯೋಜನೆಯಲ್ಲಿ ಪಕ್ಷ ನೋಡಿ ಹೆಸರು ಸೇರಿಸುತ್ತಾರೆ ಎಂಬ ದೂರಿತ್ತು. ಅದಕ್ಕೇ 2023ರಲ್ಲಿ ಮನೆ, ಆಸ್ತಿಪಾಸ್ತಿ ನೋಡಿ ಅಂಕ ಹಾಕುವ ಅಸ್ವೆಸುಮ ಬಂತು. ಆಗಲೂ ಲಕ್ಷಗಟ್ಟಲೆ ಮೇಲ್ಮನವಿಗಳು ಬಂದವು. ಪಟ್ಟಿಯಿಂದ ಹೊರಗುಳಿದ ಕೂಲಿಯವನಿಗೆ 17,500 ಆದರೇನು, 20,000 ಆದರೇನು? ಹೊಸ ಸರ್ಕಾರ ಮುಂದಿನ ಏರಿಕೆಗೆ ಮೊದಲು ಆ ಹೆಸರುಗಳನ್ನು ಊರೂರಿಗೆ ಹೋಗಿ ಮತ್ತೆ ಪರಿಶೀಲಿಸಲಿ.

– ಒಬ್ಬ ಓದುಗ