ನಿನ್ನ ಅರ್ಜಿಯ ಕೊನೆಯ ಸಾಲು

ಮಲ್ಲೇಶ್ವರ, ಬೆಂಗಳೂರು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಇಂಟರ್ನ್‌ಶಿಪ್ ಅರ್ಜಿ ಓದಿದೆ. ಚೆನ್ನಾಗಿದೆ. ಪ್ರಾಜೆಕ್ಟ್ ಬಗ್ಗೆ ಬರೆದಿರುವುದನ್ನಂತೂ ಒಂದಕ್ಷರವೂ ಮುಟ್ಟಬೇಡ. ಆದರೆ ಕೊನೆಯಲ್ಲಿ ‘ಐ ಆಮ್ ರೆಡಿ ಟು ಬರ್ನ್ ದ ಮಿಡ್‌ನೈಟ್ ಆಯಿಲ್ ಎವೆರಿ ಡೇ’ ಅಂತ ಬರೆದಿದ್ದೀಯಲ್ಲ, ಆ ಸಾಲು ನನಗೆ ಒಪ್ಪಿಗೆಯಾಗಲಿಲ್ಲ.

ಅರ್ಥ ನಿನಗೆ ಗೊತ್ತೇ ಇದೆ. ನಿದ್ದೆಗೆಟ್ಟು ಓದುವುದು, ಇಲ್ಲವೇ ಕೆಲಸ ಮಾಡುವುದು. ಇದು ಹಳೆಯ ಮಾತು. ಇಂಗ್ಲಿಷ್ ಕವಿ ಫ್ರಾನ್ಸಿಸ್ ಕ್ವಾರ್ಲ್ಸ್ 1635ರಲ್ಲೇ ನಡುರಾತ್ರಿಯ ಎಣ್ಣೆಯ ಪ್ರಸ್ತಾಪ ಮಾಡಿದ್ದಾನೆ. ಆಗ ರಾತ್ರಿ ಓದಬೇಕೆಂದರೆ ಎಣ್ಣೆದೀಪ ಅಥವಾ ಮೇಣದಬತ್ತಿಯೇ ಗತಿ. ಎಣ್ಣೆಗೆ ದುಡ್ಡು ಸುರಿಯಬೇಕು. ಬತ್ತಿ ಕರಿಕಟ್ಟಿದರೆ ಆಗಾಗ ಕತ್ತರಿಸಬೇಕು, ಇಲ್ಲದಿದ್ದರೆ ಬರೀ ಹೊಗೆ. ಎಣ್ಣೆ ಮುಗಿದರೆ ಓದೂ ಮುಗಿಯಿತು. ತೀರಾ ಅಗತ್ಯವಿದ್ದರೆ ಮಾತ್ರ ಅಷ್ಟು ಹೊತ್ತು ದೀಪ ಉರಿಸುವ ಕಾಲ ಅದು. ನಮ್ಮ ಬೆಂಗಳೂರಿನ ಬೀದಿಗಳಿಗೇ ಶಿವನಸಮುದ್ರದ ಕರೆಂಟು ಬಂದಿದ್ದು 1905ರಲ್ಲಿ. ಈಗ ಸ್ವಿಚ್ ಒತ್ತಿದರೆ ಆಯಿತು, ಸಾಕು ನಿಲ್ಲಿಸು ಅನ್ನುವುದಕ್ಕೆ ಯಾರೂ ಇಲ್ಲ.

ಅದಕ್ಕೇ ಇದನ್ನು ಪರೀಕ್ಷೆ ತಲೆ ಮೇಲೆ ಬಂದಾಗ, ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ, ಹೀಗೆ ಮೈಮುರಿದು ದುಡಿಯುವ ಹೊತ್ತಿಗೆ ಬಳಸಿದರೆ ಚೆನ್ನ. ನಿನ್ನ ಅತ್ತೆ ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೈಟ್ ಶಿಫ್ಟ್ ಮಾಡುತ್ತಾನಲ್ಲ, ಅದಕ್ಕೆ ಈ ಮಾತು ಹೊಂದುವುದಿಲ್ಲ. ಅದು ಅವನ ಡ್ಯೂಟಿ. ಮದುವೆಮನೆಯಲ್ಲಿ ಬೆಳಗಿನವರೆಗೂ ಹರಟೆ ಹೊಡೆದದ್ದಕ್ಕೂ ಹೀಗೆ ಅನ್ನುವುದಿಲ್ಲ.

‘ಎವೆರಿ ಡೇ’ ಅಂತ ಸೇರಿಸಿದರೆ, ಈ ಹುಡುಗಿಗೆ ಹಗಲಲ್ಲಿ ಕೆಲಸ ಮುಗಿಸಲು ಬರುವುದಿಲ್ಲವೇನೋ ಅಂತ ಓದಿದವರಿಗೆ ಅನ್ನಿಸಬಹುದು. ಇಲ್ಲವೇ, ಎಷ್ಟು ಹೊತ್ತು ಬೇಕಾದರೂ ಕೂರಿಸಿಕೊಳ್ಳಬಹುದು ಅಂತ ಅಂದುಕೊಳ್ಳಬಹುದು. ಎರಡನೆಯದು ನನಗೆ ಜಾಸ್ತಿ ಭಯ. ನಿನ್ನ ಆರೋಗ್ಯವನ್ನು ಮೊದಲ ಪತ್ರದಲ್ಲೇ ಬರೆದುಕೊಡಬೇಡ ಕಂದ.

ಹೋದ ಸೆಮಿಸ್ಟರಿನಲ್ಲಿ ಡೆಮೋ ಹಿಂದಿನ ದಿನ ನಿನ್ನ ಸರ್ಕ್ಯೂಟ್ ಕೈಕೊಟ್ಟಿತ್ತಲ್ವಾ? ಮಲ್ಟಿಮೀಟರ್ ಹಿಡಿದು ಒಂದೊಂದೇ ಜಾಯಿಂಟ್ ಪರೀಕ್ಷಿಸುತ್ತಾ, ಬೆಳಗಿನ ಜಾವ ಒಂದು ಡ್ರೈ ಸೋಲ್ಡರ್, ಅಂದರೆ ಬೆಸುಗೆ ಸರಿಯಾಗಿ ಕೂರದ ಜಾಯಿಂಟ್, ಪತ್ತೆ ಹಚ್ಚಿದೆ. ಅದನ್ನು ಬರಿ. ಅಲ್ಲಿ ‘ಬರ್ನ್ಡ್ ದ ಮಿಡ್‌ನೈಟ್ ಆಯಿಲ್’ ಅಂದರೆ ಸರಿಯಾಗಿ ಕೂರುತ್ತದೆ. ಕೊನೆಯ ಸಾಲು ತೆಗೆದುಬಿಡು.

ಅರ್ಜಿಗೆ ಶುಕ್ರವಾರ ಕೊನೆ ಅಂದಿದ್ದೆ. ಬುಧವಾರದೊಳಗೆ ತಿದ್ದಿ ಕಳಿಸು, ಇನ್ನೊಂದು ಸಲ ಓದಿ ಹೇಳುತ್ತೇನೆ.

ನಿನ್ನ ಅಮ್ಮ