ಫೆರಿ ತಡವಾದರೆ ಆಗಲಿ, ಡೆಕ್ ಕೆಲಸಕ್ಕೆ ಸಮಯ ಕೊಡಿ

ಮಾನ್ಯರೇ,

ಫೆರಿ ಹೊರಡುವುದು ಸ್ವಲ್ಪ ತಡವಾದರೂ ಪ್ರಯಾಣಿಕರು ರೇಗುತ್ತಾರೆ. ದೊಡ್ಡ ಪ್ರಯಾಣಿಕ ಫೆರಿಯಲ್ಲಿ ಡೆಕ್ ಖಲಾಸಿಯಾಗಿರುವ ನನಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೆ ಅದೇ ಹೊತ್ತಿಗೆ ಕೆಳಗೆ ವಾಹನಗಳ ಡೆಕ್ಕಿನಲ್ಲಿ ಏನು ನಡೆಯುತ್ತಿದೆ ಅನ್ನುವುದು ಮೇಲೆ ಕೂತವರಿಗೆ ಕಾಣುವುದಿಲ್ಲ. ಅದಕ್ಕೇ ಈ ಪತ್ರ.

ಲಾರಿಗಳು ಒಂದರ ಹಿಂದೊಂದು ಒಳಗೆ ಬರುತ್ತವೆ. ಎಲ್ಲ ಕಡೆ ಹೊಗೆ, ಸದ್ದು, ಕಾಲ ಕೆಳಗೆ ಜಿಡ್ಡು. ಎರಡು ಲಾರಿಗಳ ನಡುವೆ ಒಬ್ಬ ಅಡ್ಡಡ್ಡ ನುಸುಳುವಷ್ಟೇ ಜಾಗ. ಅಲ್ಲೇ ಬಗ್ಗಿ ಚಕ್ರಕ್ಕೆ ಅಡೆ ಕೊಡಬೇಕು. ಚೈನಿನ ಒಂದು ತುದಿಯನ್ನು ಡೆಕ್ಕಿಗೆ, ಇನ್ನೊಂದನ್ನು ಲಾರಿಗೆ ಸಿಕ್ಕಿಸಿ ಬಿಗಿಯಬೇಕು. ಬಿಗಿದ ಮೇಲೆ ಕೈಯಿಂದ ಜಗ್ಗಿ ನೋಡಬೇಕು. ಅವಸರ ಇದ್ದಾಗ ಮೊದಲು ಬಿಟ್ಟುಹೋಗುವುದು ಈ ಜಗ್ಗಿ ನೋಡುವ ಕೆಲಸವೇ. ಕಡಲಿನಲ್ಲಿ ಒಂದು ಲಾರಿ ಜಾರಿದರೆ ಪಕ್ಕದ್ದನ್ನೂ ತಳ್ಳುತ್ತದೆ, ಭಾರವೆಲ್ಲ ಒಂದೇ ಬದಿಗೆ ಬೀಳುತ್ತದೆ. 2014ರ ಏಪ್ರಿಲ್ 16ರಂದು ದಕ್ಷಿಣ ಕೊರಿಯಾದ ಸೆವೊಲ್ ಫೆರಿ ಮಗುಚಿ 304 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಶಾಲಾ ಮಕ್ಕಳು. ಅದರಲ್ಲಿ ಸರಕು ಮಿತಿ ಮೀರಿತ್ತು, ಕಟ್ಟಿದ್ದೂ ಸರಿಯಾಗಿರಲಿಲ್ಲ.

ಇನ್ನು ಬಾಗಿಲು. 1987ರ ಮಾರ್ಚ್ 6ರಂದು ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಫೆರಿ ಬೆಲ್ಜಿಯಂನ ಬಂದರಿನಿಂದ, ವಾಹನಗಳು ಹತ್ತಿ ಇಳಿಯುವ ಮುಂಭಾಗದ ಬಾಗಿಲು ತೆರೆದುಕೊಂಡೇ ಹೊರಟಿತು. ವಾಹನಗಳ ಡೆಕ್ಕಿನಲ್ಲಿ ನಡುಗೋಡೆ ಇರುವುದಿಲ್ಲ. ನುಗ್ಗಿದ ನೀರು ಒಂದೇ ಕಡೆ ಸರಿದು ಹಡಗನ್ನು ಕೆಡವಿತು. 193 ಜನ ಹೋದರು. ಬಾಗಿಲು ಮುಚ್ಚಬೇಕಾದವನು ಕ್ಯಾಬಿನ್ನಿನಲ್ಲಿ ನಿದ್ದೆಹೋಗಿದ್ದ, ನಿಜ. ಆದರೆ ಬಾಗಿಲು ಮುಚ್ಚಿದೆಯೋ ಇಲ್ಲವೋ ತೋರಿಸುವ ದೀಪ ಕ್ಯಾಪ್ಟನ್ ಮುಂದೆ ಇರಲಿಲ್ಲ. ಬೇಗ ಹೊರಡಿ ಎಂಬ ಒತ್ತಡವೂ ಇತ್ತು. ವಿಚಾರಣೆ ನಡೆಸಿದವರು ಕಂಪನಿಯ ಮೇಲಿನಿಂದ ಕೆಳಗಿನವರೆಗೂ ಬೇಜವಾಬ್ದಾರಿ ಕಂಡರು. ಇಂಥ ಅಪಘಾತವಾದಾಗ ಪತ್ರಿಕೆಗಳು ಒಬ್ಬ ಖಲಾಸಿಯ ನಿದ್ದೆಯನ್ನಷ್ಟೇ ಬರೆದು ಬಿಡಬಾರದು ಅಂತ ನನ್ನ ಕಳಕಳಿ.

ನಿದ್ದೆಯ ಮಾತು ಬಂತು ಅಂತ ಹೇಳುತ್ತೇನೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ನಾವಿಕರಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ಹತ್ತಿರದ ಬಂದರುಗಳ ನಡುವೆ ಓಡುವ ಫೆರಿಯಲ್ಲಿ ಕಣ್ಣು ಮುಚ್ಚುವಷ್ಟರಲ್ಲಿ ಮುಂದಿನ ಬಂದರು ಬಂದಿರುತ್ತದೆ. ಹಗ್ಗ ಎಸೆಯಬೇಕು, ರ‍್ಯಾಂಪ್ ಇಳಿಸಬೇಕು. ರಿಜಿಸ್ಟರಿನಲ್ಲಿ ಲೆಕ್ಕ ಸರಿಯಾಗಿದ್ದರೆ ಸಾಲದು ಅಲ್ವಾ? ತಪಾಸಣೆಗೆ ಬರುವ ಅಧಿಕಾರಿಗಳು ಕಾಗದ ನೋಡಿದ ಮೇಲೆ ಒಮ್ಮೆ ಡೆಕ್ಕಿಗೂ ಇಳಿದು ಬರಲಿ. ಮೇಲಧಿಕಾರಿಗಳು ಇಲ್ಲದಾಗ ನಮ್ಮನ್ನೇ ಕೇಳಲಿ. ಕಂಪನಿಗಳು ವೇಳಾಪಟ್ಟಿ ಹಾಕುವಾಗ ಚೈನು ಬಿಗಿಯುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಲಿ.

ಪ್ರಯಾಣಿಕರಲ್ಲಿ ಒಂದೇ ಕೋರಿಕೆ. ಬಂದರು ಬಂತು ಅಂತ ಹೇಳುವ ಮೊದಲೇ ಕಾರಿಗೆ ಇಳಿದು ಎಂಜಿನ್ ಚಾಲೂ ಮಾಡಬೇಡಿ. ಮುಂದಿನ ಲಾರಿಯ ಪಕ್ಕ ನಮ್ಮವರು ಇನ್ನೂ ಚೈನು ಬಿಚ್ಚುತ್ತಿರುತ್ತಾರೆ. ಕೆಲಸ ಮುಗಿದ ಕೂಡಲೇ ನಾವೇ ಕೈ ತೋರಿಸುತ್ತೇವೆ.

– ಒಬ್ಬ ಡೆಕ್ ಖಲಾಸಿ