ಮಾಮ, ಆ ರಾತ್ರಿ ನೀವು ಹೇಳಿದ ಹಂಚಿನ ಕಥೆಗೆ

ಕಳೆದ ಭಾನುವಾರದ ನಡಿಗೆಯಲ್ಲಿ ಹಳೇ ಮಂಗಳೂರಿನ 100ನೇ ಕಥೆ ಹೇಳಿ ಮುಗಿಸಿದೆ. ಮಳೆ ಹನಿಯುತ್ತಿದ್ದರೂ ಬಾವುಟಗುಡ್ಡೆಗೆ ಎಷ್ಟೊಂದು ಜನ ಬಂದಿದ್ದಿರಿ! 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಬಂದ ರೈತರು ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದ ಗುಡ್ಡೆ ಅದು. ಅಲ್ಲಿ ಕೊಡೆ ಹಿಡಿದು ನಿಂತ ನಿಮ್ಮನ್ನೆಲ್ಲ ನೋಡಿ ನನಗೆ ಗಂಟಲು ಕಟ್ಟಿತು.

ಹಳೇ ಫೋಟೊ ಹುಡುಕಿ ಕೊಟ್ಟವರಿಗೆ, ಬಂದರಿನ ತುಳು, ಬ್ಯಾರಿ, ಕೊಂಕಣಿ ಮಾತುಗಳನ್ನು ತಿದ್ದಿದವರಿಗೆ, ನಾನಿಲ್ಲದ ನಾಲ್ಕು ತಿಂಗಳು ಭಾನುವಾರದ ನಡಿಗೆ ನಿಲ್ಲದಂತೆ ನೋಡಿಕೊಂಡ ಗೆಳೆಯರಿಗೆ, ಆಸ್ಪತ್ರೆಗೆ ಗಂಜಿ ತಂದ ಅಕ್ಕಂದಿರಿಗೆ ಮನಸಾರೆ ಕೃತಜ್ಞತೆ.

ಜೆಪ್ಪುವಿನ ಮಾಮನ ಬಗ್ಗೆ ಮಾತ್ರ ಒಂದು ಸಾಲಿನಲ್ಲಿ ಮುಗಿಸಲು ಆಗುವುದಿಲ್ಲ.

ಅಮ್ಮನಿಗೆ ಏನಾಗಿತ್ತು ಅಂತ ನಿಮಗೆಲ್ಲ ಗೊತ್ತು. ಆ ಜುಲೈ ರಾತ್ರಿ ಐಸಿಯು ಹೊರಗೆ ನಾನೊಬ್ಬಳೇ ಇದ್ದೆ. ಹತ್ತು ಗಂಟೆಗೆ ಮಾಮ ಬಂದರು. ಒದ್ದೆ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಪಕ್ಕದಲ್ಲಿ ಕೂತರು. "ಪೋಡ್ಯೊಡ್ಚಿ" (ಹೆದರಬೇಡ) ಅಂದರು, ಅಷ್ಟೇ. ನಾನು ಅವರ ಮೇಲೆಯೇ ರೇಗಿದೆ. ಅಮ್ಮ ಒಳಗೆ ಉಸಿರಿಗೆ ಒದ್ದಾಡುತ್ತಿದ್ದಾಳೆ, 1843ರಲ್ಲಿ ಮೊಗ್ಲಿಂಗ್ ಪಾದ್ರಿ ಇದೇ ಊರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಶುರು ಮಾಡಿದರೆ ನನಗೇನು? ಯಾರಿಗೆ ಬೇಕು ಈ ಕಥೆಗಳು? ಅವಳ ಜೊತೆ ಕೂರಬೇಕಾದ ಭಾನುವಾರಗಳನ್ನೆಲ್ಲ ಬೀದಿಯಲ್ಲಿ ಕಳೆದೆನಲ್ಲ ಅಂತ ಜೋರಾಗಿ ಅತ್ತುಬಿಟ್ಟೆ.

ಮಾಮ ಸಮಾಧಾನ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹಂಚಿನ ಕಾರ್ಖಾನೆಯ ಸುದ್ದಿ ತೆಗೆದರು. 1860ರ ದಶಕದಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯಲ್ಲಿ ಹಂಚು ಮಾಡಿಸಿದ್ದು ನನಗೆ ಗೊತ್ತಿತ್ತು. ಆದರೆ ಮಾಮ ಹೇಳಿದ್ದು ಅವರ ಕೈಗೆ ಗೊತ್ತಿದ್ದ ಸಂಗತಿ. ಸುಡುವ ಗೂಡಿನಿಂದ ತೆಗೆದ ಹಂಚನ್ನು ಎಡಗೈಯಲ್ಲಿ ಎತ್ತಿ, ಬಲಗೈ ಬೆರಳಗಂಟಿನಿಂದ ಒಮ್ಮೆ ಬಡಿಯಬೇಕು. ಠಣ್ ಅಂದರೆ ಸರಿ. ಬೊದ್ ಅಂದರೆ ಕಣ್ಣಿಗೆ ಕಾಣದ ಬಿರುಕಿದೆ, ಪಕ್ಕಕ್ಕೆ ಇಡಬೇಕು. ಕುರ್ಚಿಯ ಕೈಗೆ ಬಡಿದು ಎರಡೂ ಸದ್ದು ಕೇಳಿಸಿದರು. ಅವರ ಅಪ್ಪ ಬಂದರಿನಲ್ಲಿ ಮಂಜಿಗೆ, ಅಂದರೆ ಸರಕಿನ ಮರದ ದೋಣಿಗೆ, ಹಂಚು ತುಂಬಿಸುತ್ತಿದ್ದರಂತೆ. ಅಳಿವೆ ಬಾಗಿಲಲ್ಲಿ ಮರಳು ದಿಬ್ಬ, ದೊಡ್ಡ ಹಡಗು ಒಳಗೆ ಬರುವಂತಿಲ್ಲ, ಅದು ಆಚೆ ಕಡಲಲ್ಲೇ ನಿಲ್ಲುತ್ತಿತ್ತು. ಮಂಜಿ ಅಲ್ಲಿವರೆಗೆ ಹೋಗಬೇಕು. ತೆರೆಗೆ ಹಂಚು ಒಡೆಯದ ಹಾಗೆ ಹೇಗೆ ಜೋಡಿಸುವುದು ಅನ್ನುವುದನ್ನೇ ಅರ್ಧ ಗಂಟೆ ಹೇಳಿದರು.

ಮೂರು ಗಂಟೆಗೆ ನರ್ಸ್ ಹೊರಗೆ ಬಂದಾಗ ನನಗೆ ಏಳಲು ಕಾಲೇ ಬರಲಿಲ್ಲ. ಮಾಮನೇ ಎದ್ದು ಹೋಗಿ ಕೇಳಿದರು. ತಿರುಗಿ ನನ್ನ ಕಡೆ ನೋಡಿ ತಲೆ ಆಡಿಸಿದರು. ಅಮ್ಮನ ಉಸಿರಾಟ ಹತೋಟಿಗೆ ಬಂದಿತ್ತು. ಆಗಲೂ ಅವರು ಮನೆಗೆ ಹೋಗಲಿಲ್ಲ. ಬೆಳಗಾದ ಮೇಲೆ ನನಗೆ ಚಾ ಕುಡಿಸಿ, ಮೊದಲ ಬಸ್ಸಿಗೆ ಹೊರಟರು.

ನಾನು ಮತ್ತೆ ಬರೆಯಲು ಕೂತಾಗ ಮೊದಲು ಬಂದದ್ದು ಆ ಬೆರಳಗಂಟಿನ ಸದ್ದಿನ ಕಥೆಯೇ. ಅಮ್ಮನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದಳು.

ಮಾಮ, ನಿಮ್ಮನ್ನು ನೀರುದೋಸೆಗೆ ಕರೆಯಬೇಕು ಅಂತ ಅಮ್ಮ ದಿನಾ ಹೇಳ್ತಾಳೆ. ಒಲೆ ಮುಂದೆ ನಿಲ್ಲುವಷ್ಟು ಶಕ್ತಿ ಅವಳಿಗೆ ಇನ್ನೂ ಬಂದಿಲ್ಲ, ನಾನೇ ಮಾಡ್ತೇನೆ. ಈ ಭಾನುವಾರ ನಡಿಗೆ ಮುಗಿಸಿ ಒಟ್ಟಿಗೇ ಮನೆಗೆ ಹೋಗೋಣ, ಬನ್ನಿ.